ರೇಡಿಯೇಟರಿನೊಳಗಿನ ಅರಿಶಿನ

ಮೂವತ್ತಾರು ವರ್ಷ ನಾನು ರೇಡಿಯೇಟರಿಗೆ ಬೆಸುಗೆ ಹಾಕಿ ಬದುಕಿದವಳು. ಮೊದಲು ಶಿರಾದಲ್ಲಿ ಇನ್ನೊಬ್ಬರ ಅಂಗಡಿ, ಆಮೇಲೆ ಮಧುಗಿರಿಯಲ್ಲಿ ನನ್ನದೇ ತಗಡಿನ ಶೆಡ್ಡು. ಹೋದ ವರ್ಷ ಅಂಗಡಿ ಮುಚ್ಚಿದೆ. ಯಾರೂ ಹಾರ ಹಾಕಲಿಲ್ಲ, ಭಾಷಣ ಮಾಡಲಿಲ್ಲ. ಬೇಕಾಗಿಯೂ ಇರಲಿಲ್ಲ. ಗ್ಯಾರೇಜ್ ಕೆಲಸ ಕಲಿಯುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, "ಅಜ್ಜಿ, ನಿಮ್ ಕಾಲದ್ದು ಏನಾದ್ರೂ ಹೇಳಿ" ಎನ್ನುತ್ತಾರೆ. ಅವರಿಗೆ ಬೇಕಾದದ್ದು ತಮಾಷೆ. ನನ್ನ ಹತ್ತಿರ ಇರುವುದು ಸಿಟ್ಟು. ಅದನ್ನೇ ಬರೆಯುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ ಕಡೆ ಮೊಮ್ಮಗಳು ತಿದ್ದಿದ್ದಾಳೆ. ಮಾತನ್ನು ಮುಟ್ಟಲು ಬಿಟ್ಟಿಲ್ಲ.

ಸಿಟ್ಟಿಗೆ ಕಾರಣ ಓಬಳೇಶ ಎಂಬ ಡ್ರೈವರಿಗೆ ಆದ ಅನ್ಯಾಯ. ನಿಡುಗಲ್ ಕಡೆಯವನು, ಮಧುಗಿರಿಯಲ್ಲಿ ಹೆಂಡತಿ ಮಗಳ ಜೊತೆ ಬಾಡಿಗೆ ಮನೆಯಲ್ಲಿದ್ದ. ಒಂದು ಕಾರಿನ ಎಂಜಿನ್ನೂ ಗೇರ್‌ಬಾಕ್ಸೂ ಸುಟ್ಟುಹೋದಾಗ, ಮಾಡದ ತಪ್ಪನ್ನು ಅವನ ತಲೆಗೆ ಕಟ್ಟಿದರು. ಸ್ಟೀರಿಂಗ್ ಹಿಡಿದು ಬದುಕುವವನಿಗೆ ಹೆಸರು ಕೆಟ್ಟರೆ ಯಾರೂ ಬೀಗದ ಕೈ ಕೊಡುವುದಿಲ್ಲ. ಅವನ ತಪ್ಪಿಲ್ಲ ಎಂದು ಸರಿಯಾಗಿ ಗೊತ್ತಿದ್ದವರು ಇಬ್ಬರು. ಅವರಲ್ಲಿ ನಾನೂ ಒಬ್ಬಳು. ಅವನ ವಿಷಯಕ್ಕೆ ಬರುವ ಮೊದಲು ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಯಾರು ಯಾರ ಮೇಲೆ ಯಾಕೆ ತಪ್ಪು ಹೊರಿಸಿದರು ಎಂದು ನಿಮಗೆ ತಿಳಿಯುವುದಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಶಿರಾದ ಖಾಸಿಂ ಸಾಬರ ಅಂಗಡಿಯಲ್ಲಿ, ಸಾಮಾನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದಕ್ಕೆ. ಗಂಡ ಎಲ್ಲಿದ್ದ ಎಂದು ಕೇಳಬೇಡಿ, ಅವನ ವಿಷಯ ಈ ಬರಹಕ್ಕೆ ಬೇಕಿಲ್ಲ. ಸಾಬರು ಬಾಯಿಗೆ ಬಂದಂತೆ ಬೈಯುವ ಮನುಷ್ಯ. ಆದರೆ ಗೊತ್ತಿದ್ದ ಕೆಲಸವನ್ನು ಮುಚ್ಚಿಟ್ಟುಕೊಂಡವರಲ್ಲ. ಹೆಂಗಸು ಎಂದು ಅರ್ಧ ಹೇಳಿ ಅರ್ಧ ಬಿಟ್ಟವರಲ್ಲ. ಆರು ತಿಂಗಳಿಗೆ ಬೆಸುಗೆಯ ಸಲಾಕೆ ಕೈಗೆ ಕೊಟ್ಟರು. ಗಾಡಿ ತಂದವರು, "ಗಂಡಸ್ರು ಯಾರೂ ಇಲ್ವಾ?" ಎಂದು ನನ್ನನ್ನು ದಾಟಿ ಒಳಗೆ ಇಣುಕಿದರೆ, ಸಾಬರು ಕೂತಲ್ಲಿಂದಲೇ, "ಇದಾರೆ. ನಿಮ್ಗೆ ರೇಡಿಯೇಟರ್ ರಿಪೇರಿ ಆಗ್ಬೇಕೋ, ಗಂಡಸ್ರು ಬೇಕೋ?" ಎನ್ನುತ್ತಿದ್ದರು.

ಅವರು ಕಲಿಸಿದ ಮೊದಲ ಪಾಠ ನೀರು. "ಪೆಹಲೇ ಪಾನಿ ದೇಖೋ, ಹನುಮಕ್ಕಾ. ಗಾಡಿ ಆಮೇಲೆ ನೋಡು, ನೀರು ಮೊದ್ಲು ನೋಡು." ರೇಡಿಯೇಟರಿನ ನೀರನ್ನು ಗಾಜಿನ ಲೋಟಕ್ಕೆ ಬಿಟ್ಟು ಬಿಸಿಲಿಗೆ ಹಿಡಿಯುತ್ತಿದ್ದರು. ಕೆಂಪಗಿದ್ದರೆ ಒಳಗೆ ತುಕ್ಕು. ಬೆಳ್ಳಗೆ ತಳ ಕಟ್ಟಿದರೆ ಬೋರ್‌ವೆಲ್ ನೀರು. ಮೇಲೆ ಎಣ್ಣೆ ತೇಲಿದರೆ ಎಂಜಿನ್ನಿನೊಳಗೆ ಗ್ಯಾಸ್ಕೆಟ್ ಹರಿದಿದೆ ಎಂದು ಅರ್ಥ. ಪಾವಗಡದ ಕಡೆಯಿಂದ ಬಂದ ಗಾಡಿಗಳನ್ನು ನೋಡಬೇಕಿತ್ತು. ಅಲ್ಲಿನ ಫ್ಲೋರೈಡ್ ನೀರು ಕುಡಿದವರ ಹಲ್ಲನ್ನೇ ಬಿಡುವುದಿಲ್ಲ, ರೇಡಿಯೇಟರನ್ನು ಬಿಡುತ್ತದೆಯೇ? ಕೊಳವೆಗಳ ಒಳಗೆ ಸುಣ್ಣ ಬಳಿದಂತೆ ಕಟ್ಟಿಕೊಂಡಿರುತ್ತಿತ್ತು. ಬಾಟಲಿಯ ಕೂಲೆಂಟ್ ಹಾಕಿ ಎಂದು ಎಷ್ಟು ಸಲ ಬಾಯಿ ಬಡಿದುಕೊಂಡಿದ್ದೇನೋ. "ನೀರು ನೀರೇ ಕಣಮ್ಮ" ಎಂದು ಹೊಲದ ಪೈಪು ತಿರುಗಿಸಿ ತುಂಬಿಸಿಕೊಂಡು ಹೋಗುವರು. ಮೂರು ತಿಂಗಳಿಗೆ ಅದೇ ಮುಖ ಹೊತ್ತು ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬರುವರು.

ಬಿಸಿ ಗಾಡಿಯ ಮುಚ್ಚಳ ತೆಗೆಯಬಾರದು ಎಂಬುದನ್ನು ಮಾತ್ರ ನಾನು ಹೇಳಿಸಿಕೊಂಡು ಕಲಿಯಲಿಲ್ಲ, ಸುಟ್ಟುಕೊಂಡು ಕಲಿತೆ. ಬಲಗೈ ಮೊಣಕೈವರೆಗೆ ಬೊಬ್ಬೆ ಎದ್ದಿತ್ತು. ಸಾಬರು ಬರ್ನಾಲ್ ಹಚ್ಚುತ್ತ ಹಚ್ಚುತ್ತ ಬೈದರು. ಒಳಗಿನ ನೀರು ಒತ್ತಡದಲ್ಲಿ ಇರುತ್ತದೆ, ಮುಚ್ಚಳ ಸಡಿಲಿಸಿದ ಕೂಡಲೇ ಕುದಿದು ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯುವ ಜಾಣರೂ ಇದ್ದಾರೆ. ಕಾದ ಕಾವಲಿಗೆ ನೀರು ಚಿಮುಕಿಸಿದಂತೆ ಚೊಯ್ ಎನ್ನುತ್ತದೆ, ಕಬ್ಬಿಣ ಬಿರಿಯುತ್ತದೆ. ನಿಲ್ಲಿಸಿ, ಬಾನೆಟ್ ಎತ್ತಿ, ಅರ್ಧ ಗಂಟೆ ಸುಮ್ಮನೆ ಕೂರುವುದು ಯಾರಿಗೂ ಆಗುವುದಿಲ್ಲ. ಟೀ ಅಂಗಡಿಯಲ್ಲಿ ಒಂದು ಗಂಟೆ ಹರಟುವವರಿಗೆ ಎಂಜಿನ್ ಕಾದಾಗ ಮಾತ್ರ ಎಲ್ಲಿಲ್ಲದ ಅವಸರ.

ಎಂಜಿನ್ ವಿಪರೀತ ಕಾದರೆ ಆಗುವುದು ಇಷ್ಟು. ಮೇಲಿನ ಹೆಡ್ ಎಂಬ ಭಾಗ ಸೊಟ್ಟಗಾಗುತ್ತದೆ. ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಇರುವ ಗ್ಯಾಸ್ಕೆಟ್ ಹರಿಯುತ್ತದೆ. ಆಗ ನೀರು ಎಣ್ಣೆಗೆ ಸೇರುತ್ತದೆ, ಎಣ್ಣೆ ಹಾಲು ಹೆಚ್ಚಾದ ಟೀ ಬಣ್ಣಕ್ಕೆ ತಿರುಗುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ. ಆಗಲೂ ಓಡಿಸಿದರೆ ಪಿಸ್ಟನ್ ಹಿಗ್ಗಿ ಗೋಡೆಗೆ ಕಚ್ಚಿಕೊಂಡು ಎಂಜಿನ್ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಮಾತು. ನೀರು ಪೂರ್ತಿ ಖಾಲಿಯಾದ ಮೇಲೆ ಮೀಟರಿನ ಮುಳ್ಳು ಕೆಲವು ಸಲ ತಾನಾಗಿಯೇ ಕೆಳಗೆ ಇಳಿಯುತ್ತದೆ, ಯಾಕೆಂದರೆ ಬಿಸಿ ಅಳೆಯುವ ಸಾಮಾನು ನೀರಿನಲ್ಲಿ ಮುಳುಗಿರಬೇಕು. ನೀರೇ ಇಲ್ಲದಿದ್ದರೆ ಅದು ಏನನ್ನು ಅಳೆಯುತ್ತದೆ? ಮುಳ್ಳು ಇಳಿಯಿತು ಎಂದು ಖುಷಿಪಟ್ಟವರ ಗಾಡಿಗಳೇ ಪೂರ್ತಿ ಸುಟ್ಟು ನನ್ನ ಶೆಡ್ಡಿಗೆ ಬಂದಿದ್ದು.

ಇನ್ನು ಅರಿಶಿನದ ವಿಷಯ. ಬುಕ್ಕಾಪಟ್ಟಣದ ಹತ್ತಿರ ಒಂದು ಲಾರಿ ರೇಡಿಯೇಟರ್ ಸೋರಿ ನಿಂತಿದೆ ಎಂದು ಸಾಬರು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಸುತ್ತ ಕುರುಚಲು ಕಾಡು, ಒಂದೇ ಒಂದು ಟೀ ಅಂಗಡಿ. ಸಾಬರು ಅಂಗಡಿಯಾಕೆಯಿಂದ ಎರಡು ಚಮಚ ಅರಿಶಿನ ಇಸಿದುಕೊಂಡು ರೇಡಿಯೇಟರಿಗೆ ಹಾಕಿ, ನೀರು ತುಂಬಿಸಿ, ಎಂಜಿನ್ ಓಡಿಸಿದರು. ಪುಡಿ ತೂತಿಗೆ ಹೋಗಿ ಕಚ್ಚಿಕೊಂಡಿತು, ಸೋರುವುದು ನಿಂತಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ವಾಪಸು ಬರುವಾಗ ಸಾಬರು, "ಇದು ಶಿರಾ ಮುಟ್ಟೋಕೆ ಮಾತ್ರ. ನಾಳೆ ಬಿಚ್ಚಿ ಕಡ್ಡಿ ಹಾಕಿ ತೊಳೀಬೇಕು. ಬಿಟ್ರೆ ಒಳಗೆ ಗಾರೆ ಆಗ್ತದೆ" ಎಂದರು. ಆಗಿನ ರೇಡಿಯೇಟರು ಹಿತ್ತಾಳೆಯದು. ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ, ಕೊಳವೆಗಳೊಳಗೆ ಉದ್ದನೆಯ ಕಡ್ಡಿ ಆಡಿಸಿ ಶುಚಿ ಮಾಡಿ ಮತ್ತೆ ಬೆಸುಗೆ ಹಾಕಬಹುದಿತ್ತು.

ಆಮೇಲೆ ಕಾಲ ಬದಲಾಯಿತು. ಹಿತ್ತಾಳೆ ಹೋಗಿ ಅಲ್ಯುಮಿನಿಯಂ ಬಂತು, ತೊಟ್ಟಿಗಳು ಪ್ಲಾಸ್ಟಿಕ್ ಆದವು. ಹೊಸದರ ಕೊಳವೆಗಳು ಚಪ್ಪಟೆ, ಊದುಬತ್ತಿಯ ಕಡ್ಡಿಯೂ ತೂರುವುದಿಲ್ಲ. ಬೆಸುಗೆ ಕೇಳುವುದಿಲ್ಲ. ಕೆಟ್ಟರೆ ಬಿಸಾಡಿ ಹೊಸದು ಹಾಕಬೇಕು. ಜೊತೆಗೆ ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಗೇರಿನ ಕಾರುಗಳು ನಮ್ಮ ಕಡೆಗೂ ಬಂದವು. ಅವುಗಳಲ್ಲಿ ಕೆಲವಕ್ಕೆ ಗೇರ್‌ಬಾಕ್ಸಿನ ಎಣ್ಣೆಯೂ ತಣ್ಣಗಾಗಲು ರೇಡಿಯೇಟರಿಗೇ ಬರುತ್ತದೆ. ತೊಟ್ಟಿಯ ಒಳಗೆ ಇನ್ನೊಂದು ಸಣ್ಣ ಕೊಳವೆ, ಅದರಲ್ಲಿ ಆ ಎಣ್ಣೆ ಹರಿಯುತ್ತದೆ. ಅಂದರೆ ರೇಡಿಯೇಟರ್ ಕೆಟ್ಟರೆ ಎಂಜಿನ್ ಒಂದೇ ಅಲ್ಲ, ಗೇರ್‌ಬಾಕ್ಸೂ ಬೇಯುತ್ತದೆ. ಎಣ್ಣೆ ಕಪ್ಪಾಗಿ, ತೆಳ್ಳಗಾಗಿ, ಸುಟ್ಟ ವಾಸನೆ ಬಂದು, ಒಳಗಿನ ಪ್ಲೇಟುಗಳು ಜಾರತೊಡಗುತ್ತವೆ. ಆ ಸಣ್ಣ ಕೊಳವೆ ಸೀಳಿತೋ, ನೀರೂ ಎಣ್ಣೆಯೂ ಕಲಸಿಹೋಗುತ್ತವೆ. ಇದನ್ನೆಲ್ಲ ನನಗೆ ಯಾರೂ ಕೂರಿಸಿ ಹೇಳಲಿಲ್ಲ. ಕೇಳಿ ತಿಳಿದುಕೊಳ್ಳಬೇಕಾಗಿತ್ತು, ತಿಳಿದುಕೊಳ್ಳಲಿಲ್ಲ. ಮೂವತ್ತು ವರ್ಷ ಕೆಲಸ ಮಾಡಿದವಳಿಗೆ ಹೊಸದಾಗಿ ಕಲಿಯುವುದೇನಿದೆ ಎಂಬ ಕೊಬ್ಬು.

ಈಗ ಓಬಳೇಶನ ವಿಷಯ.

ಕೊರಟಗೆರೆಯಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದ ನಂಜಪ್ಪ ಎಂಬ ಸಾಹುಕಾರ ಒಂದು ಆಟೋಮ್ಯಾಟಿಕ್ ಕಾರು ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡಿದ್ದ. ಓಬಳೇಶ ಅದರ ಡ್ರೈವರು. ಬೇಸಿಗೆಯ ಒಂದು ದಿನ ಇಬ್ಬರೂ ನನ್ನ ಶೆಡ್ಡಿಗೆ ಬಂದರು. ರೇಡಿಯೇಟರ್ ತೊಟ್ಟಿಕ್ಕುತ್ತಿತ್ತು. "ಬದಲಾಯಿಸ್ಬೇಕು, ಬೇರೆ ದಾರಿ ಇಲ್ಲ" ಎಂದೆ.

"ಬದಲಾಯ್ಸಾಣ, ಎಲ್ಲೋಯ್ತದೆ" ಎಂದ ನಂಜಪ್ಪ. "ಇವತ್ತು ಕೆಲ್ಸ ಐತೆ. ಈಗ ಏನಾದ್ರೂ ಮಾಡಿ ಕಳ್ಸು ಹನುಮಕ್ಕ. ನಿನ್ ಕೈಗುಣ ನಂಗೊತ್ತಿಲ್ವಾ?"

ಹೊಗಳಿದರೆ ಉಬ್ಬುವುದು ಎಲ್ಲರಿಗೂ ಇದೆ. "ಎರಡು ಚಮಚ ಅರಿಶಿನ ಹಾಕು, ನಾಡಿದ್ದರೊಳಗೆ ಬಾ, ಹೊಸದು ತರಿಸ್ತೀನಿ" ಎಂದೆ. ಗೇರ್ ಯಾವುದು ಎಂದು ನಾನು ಬಗ್ಗಿ ನೋಡಲಿಲ್ಲ. ಕೊಳವೆ ಎಷ್ಟು ಸಣ್ಣದು ಎಂದು ಯೋಚಿಸಲಿಲ್ಲ. ಬುಕ್ಕಾಪಟ್ಟಣದ ಲಾರಿಗೆ ಸಾಬರು ಮಾಡಿದ್ದನ್ನೇ ಈ ಕಾರಿಗೂ ಹೇಳಿದೆ.

ನಾಡಿದ್ದೂ ಬರಲಿಲ್ಲ, ಒಂದು ತಿಂಗಳಾದರೂ ಬರಲಿಲ್ಲ. ನಡುವೆ ಮತ್ತೆ ಸೋರಿದಾಗ ನಂಜಪ್ಪ ತಾನೇ ಒಂದು ಪೊಟ್ಟಣ ಅರಿಶಿನ ಪೂರ್ತಿ ಸುರಿದನಂತೆ. ಓಬಳೇಶ ಎರಡು ಸಲ ನೆನಪಿಸಿದ, "ಶೆಡ್ಡಿನ ಅವ್ವ ಬರೋಕೆ ಹೇಳವ್ಳೆ ಸಾಹುಕಾರ್ರೇ" ಎಂದು. "ಸೋರ್ತಾ ಇಲ್ವಲ್ಲ, ನಿಂದೇನು ಗೋಳು?" ಎಂದು ಉತ್ತರ.

ನಂಜಪ್ಪನ ಮಗನಿಗೆ ಹೆಣ್ಣು ನೋಡುವುದಕ್ಕೆ ಪಾವಗಡಕ್ಕೆ ಹೊರಟ ದಿನ ಬೆಂಕಿಯಂಥ ಬಿಸಿಲು. ಕಾರಿನಲ್ಲಿ ಐದು ಜನ, ಎಸಿ ಜೋರಾಗಿ ಓಡುತ್ತಿತ್ತು. ಮಿಡಿಗೇಶಿ ದಾಟುವ ಹೊತ್ತಿಗೆ ಮುಳ್ಳು ಮೇಲೆ ಏರಿತು. ಓಬಳೇಶ ನಿಲ್ಲಿಸುತ್ತೇನೆ ಎಂದ.

"ರಾಹುಕಾಲ ಬರೋದ್ರೊಳಗೆ ಅವರ ಮನೆ ಬಾಗ್ಲು ತುಳೀಬೇಕು. ಹೊಡಿ" ಎಂದ ನಂಜಪ್ಪ.

ಆಗ ಓಬಳೇಶ ಮಾಡಿದ್ದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಎಸಿ ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಜೋರಾಗಿ ಇಟ್ಟ. ಹೀಟರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರು. ಎಂಜಿನ್ನಿನ ಬಿಸಿ ನೀರು ಅದರೊಳಗೆ ಹರಿದು, ಬಿಸಿಯನ್ನು ಕಾರಿನೊಳಗೆ ಬಿಟ್ಟು, ತಾನು ಸ್ವಲ್ಪ ತಣ್ಣಗಾಗಿ ವಾಪಸು ಹೋಗುತ್ತದೆ. ಒಳಗಿರುವವರು ಬೇಯುತ್ತಾರೆ, ಎಂಜಿನ್ ಬದುಕುತ್ತದೆ. ನಿಲ್ಲಿಸಲು ಬಿಡದಿದ್ದಾಗ ಒಬ್ಬ ಡ್ರೈವರ್ ಮಾಡಬಹುದಾದದ್ದು ಅದೊಂದೇ. ಆದರೆ ಪಾವಗಡದ ಬಿಸಿಲಿನಲ್ಲಿ, ರೇಷ್ಮೆ ಸೀರೆ ಉಟ್ಟು ಕೂತವರ ಮುಖಕ್ಕೆ ಬಿಸಿ ಗಾಳಿ ಹೊಡೆದರೆ ಸುಮ್ಮನಿರುತ್ತಾರೆಯೇ? "ತಲೆ ಕೆಟ್ಟದಾ ನಿಂಗೆ? ಬಿಸ್ಲಲ್ಲಿ ಹೀಟರ್ ಹಾಕ್ತೀಯಲ್ಲೋ!" ಎಂದು ನಂಜಪ್ಪ ಕೈ ಚಾಚಿ ಅದನ್ನು ಆರಿಸಿ ಎಸಿ ಹಾಕಿದ.

ಸ್ವಲ್ಪ ದೂರಕ್ಕೆ ಗೇರು ಜಾರತೊಡಗಿತು. ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಅಷ್ಟರಲ್ಲಿ ಮುಳ್ಳು ದಿಢೀರನೆ ಇಳಿಯಿತು. "ನೋಡು, ಎಸಿ ಹಾಕಿದ್ದಕ್ಕೆ ತಣ್ಣಗಾಯ್ತು" ಎಂದನಂತೆ ನಂಜಪ್ಪ. ಪಾವಗಡ ಇನ್ನೂ ಮುಂದಿರುವಾಗ ಒಂದು ಏರಿನಲ್ಲಿ ಟಣ್ ಎಂದು ಶಬ್ದವಾಗಿ ಎಂಜಿನ್ ನಿಂತಿತು. ಹೊಗೆ, ಸುಟ್ಟ ವಾಸನೆ. ರಾಹುಕಾಲವನ್ನು ರಸ್ತೆಯ ಬದಿಯಲ್ಲೇ ಕಳೆದರು. ಹೆಣ್ಣಿನ ಮನೆಯವರು ಬೇರೆ ಕಡೆ ಮಾತು ಮಾಡಿಕೊಂಡರು ಎಂದು ಆಮೇಲೆ ಕೇಳಿದೆ. ಆ ಹುಡುಗಿಗೆ ಒಳ್ಳೆಯದೇ ಆಯಿತು.

ಕಾರನ್ನು ಎಳೆದು ತಂದದ್ದು ನನ್ನ ಪಕ್ಕದ ಗ್ಯಾರೇಜಿಗೆ. ದಾರಿಯಲ್ಲಿ ಆದದ್ದನ್ನು ಓಬಳೇಶ ಅಲ್ಲೇ ಹೇಳಿದ. ಅದರ ಮೆಕ್ಯಾನಿಕ್ ಮಂಜ, ಕೈ ಚುರುಕು, ಬಾಯಿ ಭದ್ರ. ಬಿಚ್ಚಿ ನೋಡಿದರೆ ಹೆಡ್ ಸೊಟ್ಟಗಾಗಿತ್ತು, ಪಿಸ್ಟನ್ ಕಚ್ಚಿಕೊಂಡಿತ್ತು. ಗೇರ್‌ಬಾಕ್ಸಿನಿಂದ ಎಣ್ಣೆ ಇಳಿಸಿದರೆ ಬೇಕರಿಯ ರೋಸ್ ಮಿಲ್ಕಿನಂಥ ಗುಲಾಬಿ ಬಣ್ಣದ ನೊರೆ. ರೇಡಿಯೇಟರನ್ನು ನನ್ನ ಹತ್ತಿರ ತಂದುಕೊಟ್ಟ. ಗರಗಸ ಹಿಡಿದು ಅಡ್ಡಕ್ಕೆ ಸೀಳಿದೆ. ಕೊಳವೆ ಕೊಳವೆಯಲ್ಲೂ ಹಳದಿ ಗಾರೆ. ಅರ್ಧಕ್ಕಿಂತ ಹೆಚ್ಚು ಕೊಳವೆಗಳಲ್ಲಿ ನೀರು ಹರಿಯಲು ಸೂಜಿಯಷ್ಟೂ ಜಾಗವಿರಲಿಲ್ಲ. ಗೇರ್ ಎಣ್ಣೆಯ ಕೊಳವೆ ಕುದಿಯುವ ಒತ್ತಡಕ್ಕೆ ಬಾಯಿ ಬಿಟ್ಟಿತ್ತು. ನಾನೂ ಮಂಜನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಷ್ಟರಲ್ಲಿ ನಂಜಪ್ಪ ಕೊರಟಗೆರೆಯಿಂದ ಮಧುಗಿರಿಯವರೆಗೆ ಸಾರಿಕೊಂಡು ಬಂದಿದ್ದ: "ಬಿಸ್ಲಲ್ಲಿ ಹೀಟರ್ ಹಾಕಿ ಗಾಡಿ ಸುಟ್ಬುಟ್ಟ. ಕಣ್ಣಾರೆ ನೋಡಿದೀನಿ, ಕಾರಲ್ಲಿದ್ದೋರೆಲ್ಲ ಸಾಕ್ಷಿ ಅವ್ರೆ." ಕೇಳಿದವರೆಲ್ಲ ನಂಬಿದರು. ನಂಬದೆ ಏನು? ಹೀಟರ್ ಎಂದರೆ ಬಿಸಿ, ಬಿಸಿಗೆ ಬಿಸಿ ಸೇರಿದರೆ ಸುಡುತ್ತದೆ. ಇದಕ್ಕೆ ಓದು ಬೇಕೇ? ಇಪ್ಪತ್ತು ವರ್ಷ ಗಾಡಿ ಓಡಿಸಿದ ಡ್ರೈವರುಗಳೂ ನಂಬಿದರು. ನಮ್ಮ ಕಡೆ ಹೀಟರ್ ಹಾಕುವ ಚಳಿ ಎಲ್ಲಿದೆ? ಅದನ್ನು ತಿರುಗಿಸುವ ಗುಬುಟನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನಿಗೆ ಹೀಟರ್ ಓಬಳೇಶ ಎಂದೇ ಹೆಸರಾಯಿತು. ಅವನು ಟೀ ಕುಡಿಯಲು ಬಂದರೆ, "ಏನ್ಲಾ ಓಬ್ಳೇಶ, ಚಳಿ ಆಯ್ತಾ ಐತಾ? ಕಂಬ್ಳಿ ಕೊಡ್ಲಾ?" ಎನ್ನುವರು. ಇನ್ನೊಬ್ಬ, "ಟೀ ಕಾಯ್ಸೋಕೆ ಒಲೆ ಯಾಕ್ಲಾ, ಇವನ್ ಕೈಗೆ ಕೊಡು" ಎನ್ನುವನು. ಅವನು ನಗುತ್ತಿದ್ದ. ಎರಡು ದಿನ ನಕ್ಕ. ಮೂರನೇ ದಿನದಿಂದ ಬರುವುದು ಬಿಟ್ಟ.

ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಸೀಳಿದ ರೇಡಿಯೇಟರನ್ನು ಗೋಣಿಚೀಲದಲ್ಲಿ ಸುತ್ತಿ ಶೆಡ್ಡಿನ ಮೂಲೆಗೆ ಇಟ್ಟೆ.

ಮಂಜ ಒಂದು ಸಂಜೆ ಬಂದು ಕೂತ. "ಸುಮ್ಕಿರು ಹನುಮಕ್ಕ. ಸಾಹುಕಾರನ ಮಂಡಿ ಗಾಡಿಗಳೆಲ್ಲ ನನ್ ಹತ್ರಾನೆ ಬರೋದು. ನೀನು ಬಾಯಿ ಬುಟ್ರೆ ಅರಿಶ್ನ ಹೇಳ್ಕೊಟ್ಟೋಳು ನೀನೇ ಅಂತ ಆಯ್ತದೆ. ಆಮೇಕೆ ನಿನ್ ಅಂಗಡಿಗೆ ಒಂದು ಸೈಕಲ್ಲೂ ಬರಾಕಿಲ್ಲ."

"ಸೈಕಲ್ಲಿಗೆ ರೇಡಿಯೇಟರ್ ಎಲ್ಲೈತ್ಲಾ?" ಎಂದೆ.

"ನಗು ಬುಡು. ನಿಜ ಹೇಳಿದ್ದು ನಾನು."

ನಿಜವೇ ಹೇಳಿದ್ದ. ಮಧುಗಿರಿಯಲ್ಲಿ ರೇಡಿಯೇಟರ್ ಎಂದರೆ ಹನುಮಕ್ಕ ಎಂಬುದನ್ನು ಕಟ್ಟಿಕೊಳ್ಳಲು ನನ್ನ ಆಯುಸ್ಸು ಹೋಗಿತ್ತು. ಹೆಂಗಸಿನ ಕೆಲಸ ಎಂದು ಮೂಗು ಮುರಿದವರ ಬಾಯಿ ಮುಚ್ಚಿಸಿದ್ದೆ. ಅವರೆಲ್ಲ ಈಗ ಬಾಯಿ ತೆರೆಯುತ್ತಾರೆ ಎಂದು ಭಯವಾಯಿತು. ಭಯ ಎಂದೇ ಬರೆಯುತ್ತೇನೆ, ಬೇರೆ ಹೆಸರು ಕೊಡುವುದಿಲ್ಲ. ಎಂಟು ದಿನ ಹಾಗೆಯೇ ಕಳೆದೆ.

ಎಂಟನೆಯ ದಿನ ಬೆಳಿಗ್ಗೆ ಓಬಳೇಶ ಶೆಡ್ಡಿಗೆ ಬಂದ. ಗಡ್ಡ ಬೆಳೆದಿತ್ತು. ಕೂರು ಎಂದರೂ ಕೂರಲಿಲ್ಲ.

"ಅವ್ವಾ, ಆ ರೇಡಿಯೇಟರ್ ಬಿಚ್ಚಿದ್ರಂತಲ್ಲ. ಒಳಗೆ ಏನಿತ್ತು?"

"ಯಾಕ್ಲಾ?"

"ಸ್ಕೂಲ್ ಬಸ್ಸಿಗೆ ಡ್ರೈವರ್ ಬೇಕು ಅಂತ ಕೇಳಿದ್ರು. ಮಾತಾಡಿದ್ದೆ. ನನ್ ಮಗಳನ್ನೂ ಅಲ್ಲೇ ಸೇರಿಸ್ಕೊಂತೀವಿ ಅಂದಿದ್ರು. ನಿನ್ನೆ ಫೋನ್ ಮಾಡಿ, ಸ್ಟ್ಯಾಂಡಿನಲ್ಲಿ ವಿಚಾರಿಸಿದ್ವಿ, ಇಂಥೋನ ಕೈಗೆ ಮಕ್ಳನ್ನ ಕೊಡಾಕಾಗಲ್ಲ ಅಂದ್ರು. ನಾನು ಸುಟ್ಟಿಲ್ಲ ಅವ್ವಾ. ಏಂ ಚೇಸ್ತಾಂ, ಏನ್ ಮಾಡಾಣ, ಯಾರೂ ನಂಬಲ್ಲ. ಮನೇಲಿ ನನ್ ಹೆಂಡ್ತೀನೂ ಕೇಳ್ತಾಳೆ, ಯಾಕೆ ಹೀಟರ್ ಹಾಕ್ದೆ ಅಂತ."

ಮೂಲೆಯಲ್ಲಿದ್ದ ಗೋಣಿಚೀಲವನ್ನು ಎತ್ತಿಕೊಂಡೆ. "ನಡಿ" ಎಂದೆ.

"ಎಲ್ಲಿಗೆ?"

"ಸ್ಟ್ಯಾಂಡಿಗೆ. ಬಾಯಿ ಮುಚ್ಕೊಂಡು ಬಾ."

ಸ್ಟ್ಯಾಂಡಿನಲ್ಲಿ ಹತ್ತು ಹನ್ನೆರಡು ಡ್ರೈವರುಗಳಿದ್ದರು. ಬಾಡಿಗೆ ಕಾರು ಗೊತ್ತುಮಾಡಲು ನಂಜಪ್ಪನೂ ಬಂದಿದ್ದ, ಒಳ್ಳೆಯದೇ ಆಯಿತು. ಯಾರೋ, "ಹೀಟರ್ ಬಂತು, ಎಲ್ರೂ ಶರ್ಟ್ ಬಿಚ್ರಪ್ಪಾ" ಎಂದ. ನಾನು ಅವನ ಕಡೆ ತಿರುಗಿ, "ನಿನ್ ಗಾಡಿ ಯಾವುದ್ಲಾ?" ಎಂದೆ. ಅವನ ಹೆಸರು ಸಿದ್ದೇಗೌಡ. ಹಳೆಯ ಬಿಳಿ ಕಾರು ತೋರಿಸಿದ. "ಸ್ಟಾರ್ಟ್ ಮಾಡು."

ಮಾಡಿದ. ಟೀ ಅಂಗಡಿಯಿಂದ ಒಂದು ರಟ್ಟು ತಂದು ರೇಡಿಯೇಟರಿನ ಮುಂದೆ ಗಾಳಿ ಹೋಗದಂತೆ ಇಟ್ಟೆ. ಎಂಜಿನ್ ಜೋರು ಮಾಡಿಸಿದೆ. ಎಲ್ಲರೂ ಮುತ್ತಿಕೊಂಡು ಕಿಟಕಿಯೊಳಗೆ ಬಗ್ಗಿ ಮುಳ್ಳು ನೋಡಿದರು. ಕಾಲು ಗಂಟೆ ಹಿಡಿಯಿತು, ಮುಳ್ಳು ಅರ್ಧ ದಾಟಿ ಮುಕ್ಕಾಲಿಗೆ ಬಂತು. "ಸಾಕು ಕಣಮ್ಮ, ನನ್ ಗಾಡೀನೂ ಸುಡ್ತೀಯಾ?" ಎಂದು ಸಿದ್ದೇಗೌಡ ಗೋಗರೆದ.

"ಈಗ ರಟ್ಟು ಹಂಗೇ ಇರ್ಲಿ. ಹೀಟರ್ ಹಾಕು. ಫ್ಯಾನ್ ಪೂರ್ತಿ."

"ಹಾಕಲ್ಲಮ್ಮ!"

"ಹಾಕ್ಲಾ!"

ಹಾಕಿದ. ಬಿಸಿ ಗಾಳಿ ಮುಖಕ್ಕೆ ಹೊಡೆದು ಬಾಗಿಲು ತೆಗೆದು ಹೊರಕ್ಕೆ ಹಾರಿದ. ಮುಳ್ಳು ನಿಂತಿತು. ಆಮೇಲೆ ನಿಧಾನಕ್ಕೆ, ಒಂದು ಕೂದಲು, ಇನ್ನೊಂದು ಕೂದಲು ಎನ್ನುವಂತೆ ಮುಳ್ಳು ಕೆಳಗೆ ಬರತೊಡಗಿತು. ಅರ್ಧದ ಹತ್ತಿರ ಬಂದಾಗ ವಯಸ್ಸಾದ ಡ್ರೈವರೊಬ್ಬ, "ಅಯ್ಯೋ ಇದರ..." ಎಂದು ಬೈಗುಳವನ್ನು ಅರ್ಧಕ್ಕೆ ನುಂಗಿದ. ನಾನಿದ್ದೆನಲ್ಲ.

ನಂಜಪ್ಪ ಕೈ ಕಟ್ಟಿಕೊಂಡು ನಿಂತಿದ್ದ. "ಇದೆಲ್ಲ ದೊಂಬರಾಟ. ಹಂಗಾದ್ರೆ ನನ್ ಗಾಡಿ ಸುಟ್ಟಿದ್ದು ಯಾರು?"

ಗೋಣಿಚೀಲ ಬಿಚ್ಚಿ ರೇಡಿಯೇಟರಿನ ಎರಡು ಹೋಳನ್ನೂ ಬಾನೆಟ್ಟಿನ ಮೇಲೆ ಇಟ್ಟೆ. ಉಗುರಿನಿಂದ ಹಳದಿ ಗಾರೆ ಕೆರೆದು ಅವನ ಅಂಗೈಗೆ ಹಾಕಿದೆ. "ಮೂಸಿ ನೋಡು. ಅಡುಗೆ ಮನೆ ವಾಸನೆ ಬರುತ್ತೆ. ಹೊಸಾ ರೇಡಿಯೇಟರಿಗೆ ಅರಿಶ್ನ ಹಾಕು ಅಂತ ಹೇಳಿದ್ದು ನಾನು, ಅದು ನನ್ ತಪ್ಪು. ಆಟೋಮ್ಯಾಟಿಕ್ ಗಾಡಿ ಅಂತ ನೋಡ್ಲಿಲ್ಲ, ಅದೂ ನನ್ ತಪ್ಪು. ಪೊಟ್ಟಣ ಪೂರ್ತಿ ಸುರಿದಿದ್ದು ನೀನು. ತಿಂಗ್ಳಾದ್ರೂ ಬರ್ದೇ ಇದ್ದಿದ್ದು ನೀನು. ಮುಳ್ಳು ಏರ್ತಿದ್ರೂ ಹೊಡಿ ಅಂದಿದ್ದು ನೀನು. ಅವನು ಹೀಟರ್ ಹಾಕಿ ಎಂಜಿನ್ ಉಳಿಸೋಕೆ ನೋಡ್ದ, ಆರ್ಸಿದ್ದೂ ನೀನೇ."

"ಏಯ್, ಮೊದ್ಲು ನೀನ್ ಅಂಗಡಿ ಮುಚ್ಚು!" ಎಂದು ನಂಜಪ್ಪ ಕೂಗಿದ. "ಅರಿಶ್ನ ಹಾಕೋ ಮುದುಕಿ ಮೆಕ್ಯಾನಿಕ್ಕಂತೆ!"

"ಮುಚ್ತೀನಿ. ನೀನ್ ಬಾಯಿ ಮುಚ್ಚು. ಇವನ ಹೆಸ್ರು ಎಲ್ಲೆಲ್ಲಿ ಕೆಡಿಸಿದೀಯೋ ಅಲ್ಲೆಲ್ಲ ಹೋಗಿ ಹೇಳ್ಬಾ."

ಅವನು ಹೇಳಲಿಲ್ಲ. ಕಾರು ಗೊತ್ತುಮಾಡದೆಯೇ ಹೊರಟುಹೋದ. ಆದರೆ ಡ್ರೈವರುಗಳ ಬಾಯಿ ಮಂಡಿ ಸಾಹುಕಾರನ ಬಾಯಿಗಿಂತ ದೊಡ್ಡದು. ಸಂಜೆಯೊಳಗೆ ಶಿರಾ ಸ್ಟ್ಯಾಂಡಿನವರಿಗೂ ಗೊತ್ತಾಯಿತು. ಅರಿಶಿನ ಹೇಳಿಕೊಟ್ಟವಳು ನಾನು ಎಂಬುದೂ ಜೊತೆಯಲ್ಲೇ ಹೋಯಿತು. ಮಂಜ ಹೇಳಿದ್ದು ಸುಳ್ಳಾಗಲಿಲ್ಲ. ಗಿರಾಕಿಗಳು ಕಮ್ಮಿಯಾದರು, ಕೆಲವರು ಶೆಡ್ಡಿನ ಮುಂದೆ ನಿಂತು, "ಅರಿಶ್ನದ ಜೊತೆ ಕುಂಕುಮಾನೂ ಹಾಕ್ಬೇಕಾ ಅಕ್ಕ?" ಎಂದು ಕೇಳಿ ನಕ್ಕು ಹೋದರು. ವರ್ಷ ಕಳೆಯುವುದರೊಳಗೆ ಬಾಗಿಲು ಹಾಕಿದೆ. ಅದಕ್ಕೆ ದುಃಖವೇನಿಲ್ಲ. ಬೆಸುಗೆಯ ಕಾಲ ಹೇಗೂ ಮುಗಿದಿತ್ತು. ತಿಳಿಯದ ಗಾಡಿಗೆ ಕೈ ಹಾಕುವವರು ಅಂಗಡಿ ಮುಚ್ಚುವುದೇ ಸರಿ.

ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಇಷ್ಟು ಹೇಳುತ್ತೇನೆ. ಗೇರ್ ಯಾವುದು, ಎಣ್ಣೆ ಎಲ್ಲಿ ತಣ್ಣಗಾಗುತ್ತದೆ ಎಂದು ನೋಡದೆ ಬಾಯಿ ಬಿಡಬೇಡಿ. ಹಳೆಯ ಉಪಾಯವನ್ನು ಹೊಸ ಗಾಡಿಗೆ ಹೇಳಬೇಡಿ. ಡ್ರೈವರ್ ಆದವನು, ಮುಳ್ಳು ಕೆಂಪಿಗೆ ಹೋದರೆ ಹಿಂದೆ ಕೂತವನು ಯಾರೇ ಆಗಿರಲಿ, ಗಾಡಿ ಬದಿಗೆ ಹಾಕಿ ಬೀಗದ ಕೈ ಜೇಬಿಗೆ ಇಟ್ಟುಕೊಂಡು ಇಳಿದುಬಿಡಬೇಕು. ಓಬಳೇಶ ಅದೊಂದನ್ನು ಮಾಡಲಿಲ್ಲ. ಮಾಡಿದ್ದರೆ ಅವತ್ತೇ ಕೆಲಸ ಹೋಗುತ್ತಿತ್ತು. ಹೋಗಿದ್ದರೆ ಕೆಲಸ ಮಾತ್ರ ಹೋಗುತ್ತಿತ್ತು, ಹೆಸರು ಉಳಿಯುತ್ತಿತ್ತು.

ಅವನು ಈಗ ಸಿದ್ದೇಗೌಡನ ಬಿಳಿ ಕಾರನ್ನು ಓಡಿಸುತ್ತಾನೆ. ಅವತ್ತು ಹೆಚ್ಚು ನಕ್ಕವನೇ ಕರೆದು ಕೀ ಕೊಟ್ಟ. ಹೆಸರು ಸರಿಹೋಯಿತು. ಸ್ಕೂಲಿನ ಕೆಲಸ ಮಾತ್ರ ಸಿಗಲಿಲ್ಲ. ಅವತ್ತೇ ಸ್ಟ್ಯಾಂಡಿನಿಂದ ನೇರವಾಗಿ ಅವನನ್ನು ಕರೆದುಕೊಂಡು ನಾನು ಆ ಸ್ಕೂಲಿಗೆ ಹೋಗಿದ್ದೆ, ರೇಡಿಯೇಟರಿನ ಹೋಳು ಹೊತ್ತುಕೊಂಡೇ. ಆಫೀಸಿನಲ್ಲಿದ್ದ ಮೇಡಂ ಒಳ್ಳೆಯ ಹೆಂಗಸು, ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. "ನಂಬ್ತೀನಮ್ಮ. ಆದ್ರೆ ನಿನ್ನೆ ಸಾಯಂಕಾಲವೇ ಬೇರೆಯವರನ್ನ ತಗೊಂಡ್ಬಿಟ್ವಿ" ಎಂದರು.

ಹೊರಗೆ ಬಂದೆವು. ಗೇಟಿನ ಹತ್ತಿರ ಬಸ್ಸು ನಿಂತಿತ್ತು, ಹೊಸ ಡ್ರೈವರು ಗಾಜು ಒರೆಸುತ್ತಿದ್ದ. ಓಬಳೇಶ ಅದನ್ನು ನೋಡಿದ. ಆಮೇಲೆ ನನ್ನ ಕೈಯಲ್ಲಿದ್ದ ಗೋಣಿಚೀಲ ನೋಡಿದ.

"ಅವ್ವಾ, ಇದನ್ನ ಯಾವತ್ತು ಸೀಳಿದ್ರಿ?"

"ಗಾಡಿ ಬಂದ ಮಾರನೇ ದಿನ."

ಅವನು ಲೆಕ್ಕ ಹಾಕಿದ್ದು ನನಗೆ ಕಾಣಿಸಿತು. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಅವತ್ತೇ ಹೇಳ್ಬೋದಿತ್ತಲ್ಲ" ಎಂದ.

"ಹೇಳ್ಬೋದಿತ್ತು ಕಣ್ಲಾ" ಎಂದೆ. "ಹೆದರ್ಕೊಂಡಿದ್ದೆ."

ಅವನು ತಲೆಯಾಡಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಶೆಡ್ಡಿನ ಕಡೆ ಬಂದೆ.